ಚೀನಾದ ಹಳೇ ಮಸಿಡಬ್ಬಿ, ಮಸಿಕಲ್ಲು, ಕುಂಚದಾನಿ: ಸಂಗ್ರಹಕ್ಕೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಆನ್‌ಲೈನ್ ಹರಾಜಿನಲ್ಲಿ 'ಆಂಟಿಕ್ ಚೈನೀಸ್ ಇಂಕ್‌ವೆಲ್' ಎಂದು ಹುಡುಕಿದರೆ ಸಾಲುಸಾಲಾಗಿ ಬರುವ ಮಾಲಿನಲ್ಲಿ ಬಹುಪಾಲು ಚೀನಾದ ಯಾವ ಪಂಡಿತನ ಮೇಜಿನ ಮೇಲೂ ಕೂತದ್ದಲ್ಲ. ಒಳಗೆ ಗಾಜಿನ ಕುಪ್ಪಿ ಇರುವ ಎನಾಮಲ್ ದೌತಿ, ಅದಕ್ಕೆ ಜೋಡಿಯಾಗಿ ಪೆನ್ನಿನ ತಟ್ಟೆ, ಬ್ಲಾಟರು, ಲಕೋಟೆ ಸೀಳುವ ಚಾಕು ಇವೆಲ್ಲ ನಿಬ್ಬಿನ ಪೆನ್ನು ಹಿಡಿಯುತ್ತಿದ್ದ ಯುರೋಪು, ಅಮೆರಿಕದ ಗಿರಾಕಿಗಳಿಗೆಂದೇ ತಯಾರಾದ ಸರಕು. ಚೀನೀಯರು ಬರೆಯುತ್ತಿದ್ದದ್ದು ಕುಂಚದಲ್ಲಿ. ಅವರ ಮಸಿ ಗಟ್ಟಿ ಕಡ್ಡಿಯಾಗಿರುತ್ತಿತ್ತು. ಬೇಕಾದಾಗ ಬೇಕಾದಷ್ಟನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದುಕೊಳ್ಳುತ್ತಿದ್ದರು.

ರಫ್ತಿನ ಮಾಲು ಕೊಳ್ಳಬಾರದೆಂದೇನಲ್ಲ. ಅದಕ್ಕೂ ಅದರದೇ ಚೆಲುವಿದೆ, ಸಂಗ್ರಾಹಕರೂ ಇದ್ದಾರೆ. ಕೊಳ್ಳುತ್ತಿರುವುದು ಏನನ್ನು ಎಂಬುದು ಕೊಳ್ಳುವ ಮೊದಲೇ ಗೊತ್ತಿರಲಿ, ಅಷ್ಟೆ. ಮುಂದಿನದೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಈ ವಸ್ತುಗಳೆಲ್ಲ ಕೆಲಸದ ಸಾಮಾನು. ತಳದಲ್ಲಿ ಒತ್ತಿದ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ನೂರು ವರ್ಷ ಮಸಿ ತೇಯ್ದ ಸವೆತವನ್ನು ಹುಟ್ಟಿಸುವುದು ಅಷ್ಟು ಸಲೀಸಲ್ಲ.

1. ಮೊದಲು ಮೇಜಿನ ಕೆಲಸ ಅರ್ಥ ಮಾಡಿಕೊಳ್ಳಿ

ಬರೆಯಲು ಕೂತವನು ಮೊದಲು ಮಸಿಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಡುತ್ತಾನೆ. ಅದಕ್ಕೊಂದು ಪುಟ್ಟ ಹನಿಪಾತ್ರೆ ಇರುತ್ತದೆ: ಕಪ್ಪೆ, ಪೀಚ್ ಹಣ್ಣು, ಮಲಗಿದ ಎಮ್ಮೆ, ಹೀಗೆ ನಾನಾ ಆಕಾರ. ಅದಕ್ಕೆ ಎರಡು ತೂತು. ಒಂದರಿಂದ ನೀರು ಬೀಳಬೇಕು, ಇನ್ನೊಂದನ್ನು ಬೆರಳಿನಿಂದ ಮುಚ್ಚಿ ತೆರೆದು ಹನಿಯನ್ನು ಹಿಡಿತದಲ್ಲಿಡಬೇಕು. ಒಂದೇ ತೂತಿನ 'ವಾಟರ್ ಡ್ರಾಪರ್' ಕಂಡರೆ ಅದನ್ನು ಮಾಡಿದವನಿಗೆ ಅದರ ಕೆಲಸವೇ ಗೊತ್ತಿರಲಿಲ್ಲ ಎಂದು ಲೆಕ್ಕ.

ಆಮೇಲೆ ಮಸಿಕಡ್ಡಿಯನ್ನು ನೇರ ಹಿಡಿದು ಸುತ್ತುಸುತ್ತಾಗಿ ತೇಯುವುದು. ತೇಯುವ ಚಪ್ಪಟೆ ಜಾಗ ಒಂದು, ಮಸಿ ಇಳಿದು ನಿಲ್ಲುವ ಗುಂಡಿ ಇನ್ನೊಂದು. ಒದ್ದೆಯಾದ ಕಡ್ಡಿಯನ್ನು ಇಡಲು ಪುಟ್ಟ ಮಂಚದಂಥ ಆಸರೆ, ಕುಂಚ ಒರಗಿಸಲು ಬೆಟ್ಟದ ಸಾಲಿನಂತೆ ಐದು ಶಿಖರಗಳಿರುವ ಆನಿಕೆ, ಕುಂಚ ತೊಳೆಯಲು ಅಗಲ ಬಾಯಿಯ ಬಟ್ಟಲು, ಕುಂಚಗಳನ್ನು ನಿಲ್ಲಿಸಲು ಕುಂಚದಾನಿ. ಅಕ್ಷರಗಳು ಮೇಲಿನಿಂದ ಕೆಳಗೆ, ಸಾಲುಗಳು ಬಲದಿಂದ ಎಡಕ್ಕೆ ಸಾಗುವುದರಿಂದ ಬಲಗೈಯವನ ಮುಂಗೈ ಆಗಷ್ಟೇ ಬರೆದ ಹಸಿ ಸಾಲಿನ ಮೇಲೆ ಬರುತ್ತದೆ. ಅದನ್ನು ತಪ್ಪಿಸಲು ಬಿದಿರನ್ನು ಉದ್ದಕ್ಕೆ ಸೀಳಿ ಮಾಡಿದ ಕೈಯಾಸರೆ. ಗಾಳಿಗೆ ಮಸಿ ಒಣಗದಂತೆ ಕಲ್ಲಿನ ಮುಂದೆ ನಿಲ್ಲಿಸುವ ಪುಟ್ಟ ಅಡ್ಡತೆರೆ. ಕೊನೆಗೆ ಹೆಸರಿನ ಮೊಹರು, ಅದರ ಕೆಂಪು ಮುಲಾಮು ತುಂಬಿದ ಡಬ್ಬಿ.

ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಅಗ್ಗದ ಹೊಸ ಮಸಿಕಲ್ಲು, ಒಂದು ಕಡ್ಡಿ, ಒಂದು ಕುಂಚ ಆನ್‌ಲೈನಿನಲ್ಲಿ ಸಿಗುತ್ತವೆ. ಒಂದು ವಾರ ತೇಯ್ದರೆ ಸವೆತ ಎಲ್ಲಿ ಬೀಳುತ್ತದೆ, ಮಸಿ ಯಾವ ಮೂಲೆಯಲ್ಲಿ ಗಟ್ಟಿ ಕೂರುತ್ತದೆ, ಕೈ ಎಲ್ಲಿ ತಾಗಿ ಹೊಳಪೇರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

2. ಒಂದು ಬಗೆ ಆರಿಸಿಕೊಳ್ಳಿ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ನನ್ನನ್ನು ಕೇಳಿದರೆ ಹೊಸಬರು ಲೋಹದ ಮಸಿಡಬ್ಬಿಯಿಂದ ಶುರು ಮಾಡಲಿ. ಚೀನಾದ ಮೇಜಿನ ಮೇಲೆ ನಮ್ಮ ಮಸಿಕುಡಿಕೆಗೆ ಹತ್ತಿರದ್ದು ಎಂದರೆ ಅದೇ. ಬೇಡಿಕೆ ಜಾಸ್ತಿಯಾಗಿದ್ದದ್ದು 19ನೇ ಶತಮಾನದ ಉತ್ತರಾರ್ಧದಿಂದ 20ನೇ ಶತಮಾನದ ಮೊದಲ ದಶಕಗಳವರೆಗೆ; ಹಾಗಾಗಿ ಸಾಕಷ್ಟು ಉಳಿದಿವೆ. ಬಹಳಷ್ಟರ ಮೇಲೆ ಬರಹ ಇರುತ್ತದೆ, ಓದಿಸಿಕೊಳ್ಳಬಹುದು. ಸಾಗಣೆಯಲ್ಲಿ ಒಡೆಯುವುದಿಲ್ಲ.

ಮಸಿಕಲ್ಲು ಈ ಲೋಕದ ದೊಡ್ಡಣ್ಣ. ಅದಕ್ಕೆ ಎರಡನೇ ವರ್ಷದಲ್ಲಿ ಇಳಿಯಿರಿ. ಪಿಂಗಾಣಿಯ ಬಟ್ಟಲು, ಹನಿಪಾತ್ರೆಗಳಲ್ಲಿ ನಕಲಿಗಳ ದಾಳಿ ವಿಪರೀತ. ಬಿದಿರು ಮತ್ತು ಮರದ ಕುಂಚದಾನಿ ನೋಡಲು ಸೊಗಸು, ನಮ್ಮ ಹವೆಯಲ್ಲಿ ಸಾಕುವುದು ಕಷ್ಟ. ರಫ್ತಿನ ಎನಾಮಲ್ ದೌತಿಗಳೇ ಇಷ್ಟವಾದರೆ ಅವನ್ನೇ ಕೊಳ್ಳಿ, ಬೆಲೆ ಮಾತ್ರ ರಫ್ತಿನ ಮಾಲಿಗೆ ತಕ್ಕಷ್ಟೇ ಕೊಡಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಬೇಕು. ಉದ್ದ ಹಿಡಿಯ ತುದಿಗೆ ಪುಟ್ಟ ಮಸಿಬಟ್ಟಲು ಬೆಸೆದ ಹಿತ್ತಾಳೆಯ ಸಾಧನ ಜಪಾನಿನ 'ಯಾತಾತೆ'. ಹಿಡಿಯೊಳಗೆ ಕುಂಚ ಕೂರುತ್ತದೆ, ಸೊಂಟಕ್ಕೆ ಸಿಗಿಸಿಕೊಂಡು ಓಡಾಡಲು ಮಾಡಿದ್ದು. ಬುಡ ಅಗಲವಾಗಿ ಕತ್ತು ಸಣ್ಣಗಿರುವ ಲೋಹದ ಕುಡಿಕೆ ಹೆಚ್ಚಿನ ಸಲ ಟಿಬೆಟ್ಟಿನದು. ಅಲ್ಲಿ ಬಿದಿರಿನ ಲೇಖನಿಯನ್ನು ನೀರು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಎರಡನ್ನೂ 'ಚೈನೀಸ್' ಚೀಟಿ ಅಂಟಿಸಿ ಮಾರುವುದು ಮಾಮೂಲು.

3. ಕಣ್ಣು ಪಳಗಿಸಿ

ದುಡ್ಡು ಬಿಚ್ಚುವ ಮೊದಲು ಅಸಲಿ ವಸ್ತುಗಳನ್ನು ನೋಡಿರಬೇಕು. ಕರ್ನಾಟಕದವರಿಗೆ ಹತ್ತಿರದ್ದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿನ ಪೂರ್ವ ಏಷ್ಯಾ ವಿಭಾಗದಲ್ಲಿ ಚೀನಾದ ಪಿಂಗಾಣಿ, ಎನಾಮಲ್, ಕೆತ್ತನೆ ಧಾರಾಳವಾಗಿವೆ. ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ಕೊಟ್ಟ ಚೀನಾ, ಜಪಾನಿನ ವಸ್ತುಗಳಿವೆ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎರಡೂ ಬಿಟ್ಟಿ ಪ್ರವೇಶ. ತೈಪೆಯ ಅರಮನೆ ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ಮಸಿಕಲ್ಲುಗಳನ್ನು ಹತ್ತಿರದಿಂದ ನೋಡಬಹುದು.

ಗಾಜಿನ ಹಿಂದಿನದನ್ನು ಮುಟ್ಟಲಾಗದು ನಿಜ. ಮುಟ್ಟಬೇಕೆಂದರೆ ಹರಾಜು ಮನೆಗಳ ಪ್ರದರ್ಶನದ ದಿನ ಹೋಗಿ. ಕೊಳ್ಳದಿದ್ದರೂ ಯಾರೂ ಬೇಡವೆನ್ನುವುದಿಲ್ಲ. ತೂಕ ನೋಡಿ, ತಿರುಗಿಸಿ ತಳ ನೋಡಿ, ಮುಚ್ಚಳ ತೆಗೆದು ಮೂಸಿ ನೋಡಿ. ಹಳೇ ಮಸಿಗೆ ಕರ್ಪೂರ ಮಿಶ್ರಿತ ತಣ್ಣನೆಯ ಒಂದು ವಾಸನೆ ಇರುತ್ತದೆ. ಮಸಿ ಕಲಸುವಾಗ ಸುಗಂಧ ಸೇರಿಸುವ ಪದ್ಧತಿಯಿತ್ತು. ಬೂಟ್ ಪಾಲಿಷ್ ಅಥವಾ ವಾರ್ನಿಷ್ ನಾತ ಬಂದರೆ ಕೆಳಗಿಡಿ.

4. ಮಸಿಡಬ್ಬಿಯನ್ನು ಪರೀಕ್ಷಿಸುವ ಕ್ರಮ

ಅಂಗೈಯಲ್ಲಿ ಕೂರುವಷ್ಟು ದೊಡ್ಡದಾದ ಚೌಕ ಅಥವಾ ದುಂಡು ಡಬ್ಬಿ. ಹೊರಮೈ ಹಿತ್ತಾಳೆ, ಇಲ್ಲವೇ ಬೆಳ್ಳಿಯಂತೆ ಕಾಣುವ 'ಬಿಳಿ ತಾಮ್ರ', ಅಂದರೆ ತಾಮ್ರಕ್ಕೆ ನಿಕ್ಕಲ್ ಮತ್ತು ಸತು ಬೆರೆಸಿದ ಮಿಶ್ರಲೋಹ. ಒಳಗೆ ತಾಮ್ರದ ಅಸ್ತರಿ. ಅದರೊಳಗೆ ಮಸಿ ಹೀರಿಕೊಂಡ ರೇಷ್ಮೆಯ ಅರಳೆ. ತೇಯ್ದ ಮಸಿಯನ್ನು ಅರಳೆಗೆ ಉಣಿಸಿ ಮುಚ್ಚಿಟ್ಟರೆ ಪ್ರಯಾಣದಲ್ಲೂ ಚೆಲ್ಲುವುದಿಲ್ಲ. ಕುಂಚ ಒತ್ತಿದರೆ ಮಸಿ ಸಿದ್ಧ. ಅದ್ದಿದ ಕುಂಚದ ಮೊನೆ ತಿದ್ದಿಕೊಳ್ಳಲು ಮುಚ್ಚಳದ ಒಳಮೈಗೆ ತೆಳುವಾದ ಕಲ್ಲಿನ ಹಲಗೆ ಕೂರಿಸಿರುವುದೂ ಉಂಟು. ಸರಕಾರಿ ಹುದ್ದೆಯ ಪರೀಕ್ಷೆಗೆ ಹೋಗುವವರು, ಗುಮಾಸ್ತರು, ಶಾಲಾ ಮಕ್ಕಳು ಎಲ್ಲರೂ ಬಳಸಿದರು. 1905ರಲ್ಲಿ ಸಾಮ್ರಾಜ್ಯದ ಪರೀಕ್ಷಾ ಪದ್ಧತಿಯೇ ರದ್ದಾಯಿತು, ಬೆನ್ನಿಗೆ ಫೌಂಟನ್ ಪೆನ್ ಬಂತು. ಆದರೂ ಸಹಪಾಠಿಗಳಿಗೆ, ಮೇಷ್ಟರಿಗೆ, ಸಹೋದ್ಯೋಗಿಗಳಿಗೆ ಹೆಸರು ಕೆತ್ತಿಸಿ ಉಡುಗೊರೆ ಕೊಡುವ ಚಾಳಿ ಇನ್ನೂ ಕೆಲವು ದಶಕ ನಡೆಯಿತು.

ಕೈಗೆತ್ತಿಕೊಂಡಾಗ ಮೊದಲು ಮುಚ್ಚಳ. ಒಳ್ಳೆಯ ಕೆಲಸಗಾರನ ಡಬ್ಬಿಯ ಮುಚ್ಚಳವನ್ನು ಮೇಲಿಟ್ಟು ಕೈಬಿಟ್ಟರೆ ಒಳಗಿನ ಗಾಳಿ ಸರಿಯುತ್ತ ಸರಿಯುತ್ತ ನಿಧಾನಕ್ಕೆ ಇಳಿದು ಕೂರುತ್ತದೆ. ಯಾವ ಕಡೆ ತಿರುಗಿಸಿ ಹಾಕಿದರೂ ಚೌಕ ಡಬ್ಬಿಯ ಮುಚ್ಚಳ ಸರಿಯಾಗಿ ಕೂತರೆ ಇನ್ನೂ ಮೇಲು.

ಆಮೇಲೆ ಕೆತ್ತನೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಅಕ್ಕಸಾಲಿಗರು ಕಣ್ಣಿಗಿಟ್ಟುಕೊಳ್ಳುವ ಮಸೂರ ತನ್ನಿ. ಡಬ್ಬಿಯನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿಯಿರಿ. ಕೈ ಉಳಿಯ ಗೆರೆ ಕುಂಚದ ಗೆರೆಯಂತೆಯೇ ಹೋಗುತ್ತದೆ: ಶುರುವಿನಲ್ಲಿ ಒತ್ತಿ, ನಡುವೆ ತೆಳುವಾಗಿ, ತಿರುವಿನಲ್ಲಿ ಮತ್ತೆ ಆಳವಾಗಿ. ಗೆರೆಯ ತಳ ಚೂಪಾಗಿರುತ್ತದೆ, ಅಂಚಿನಲ್ಲಿ ಲೋಹ ಕೂದಲೆಳೆಯಷ್ಟು ಎದ್ದಿರುತ್ತದೆ ಅಥವಾ ಒರಸಿ ಒರಸಿ ಮೊಂಡಾಗಿರುತ್ತದೆ. ಆಸಿಡ್ಡಿನಲ್ಲಿ ಕೊರೆದದ್ದರ ಅಥವಾ ಲೇಸರಿನದರ ಆಳ ಉದ್ದಕ್ಕೂ ಒಂದೇ. ತಳ ಚಪ್ಪಟೆ, ಮಸೂರದಡಿ ಚುಕ್ಕೆಚುಕ್ಕೆ.

ಮೂರನೆಯದು ಒಳಗು. ಅಸ್ತರಿ ಮತ್ತು ಹೊರಡಬ್ಬಿಯ ನಡುವಿನ ಸಂದಿಯಲ್ಲಿ ಒಣಗಿದ ಮಸಿ, ಅದರ ಪಕ್ಕ ಹಸಿರು ಕಿಲುಬು ಇರಬೇಕು. ಅರಳೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಹಾಗೇ ಇರಲಿ, ಕಿತ್ತು ಎಸೆಯಬೇಡಿ. ಹೊರಗೆ 'ನೂರೈವತ್ತು ವರ್ಷ ಹಳೆಯದು' ಎನ್ನಿಸಿಕೊಳ್ಳುವ ಡಬ್ಬಿಯ ಒಳಗು ಫಳಫಳ ಹೊಳೆಯುತ್ತಿದ್ದರೆ ಮಾರುವವನನ್ನು ಕಾರಣ ಕೇಳಿ.

ಹೆಸರಿನ ವಿಚಾರದಲ್ಲಿ ಹುಷಾರು. ಬೀಜಿಂಗಿನ ಲ್ಯುಲಿಚಾಂಗ್ ಬೀದಿಯಲ್ಲಿ ತುಂಗ್‌ಜ್ರ್ ಅರಸನ ಕಾಲದಲ್ಲಿ (1862–1874) ಹೆಸರು ಮಾಡಿದ ಕೆತ್ತನೆಗಾರ ಚೆನ್ ಯಿನ್‌ಶೆಂಗ್. ಡಬ್ಬಿಯ ಮೇಲೆ ಅಷ್ಟು ಸಣ್ಣ ಅಕ್ಷರದಲ್ಲಿ ಕವಿತೆಗಳನ್ನೇ ಕೊರೆದವನು. ಅವನ ಸಹಿ ಇರುವ ಡಬ್ಬಿಗಳು ಅವನು ಹತ್ತು ಜನ್ಮ ಎತ್ತಿದರೂ ಕೆತ್ತಲಾಗದಷ್ಟು ಮಾರುಕಟ್ಟೆಯಲ್ಲಿವೆ. ಅರಸೊತ್ತಿಗೆ ಹೋಗಿ 1912ರಲ್ಲಿ ಶುರುವಾದ ಗಣರಾಜ್ಯದ ಕಾಲಕ್ಕೆ ಅದೇ ಬೀದಿಯ ತುಂಗ್‌ಗುತಾಂಗ್ ಅಂಗಡಿಯ ಹೆಸರು ಮುಂದೆ ಬಂತು. ಚಿತ್ರಕಾರರಾದ ಚೆನ್ ಷೀಜೆಂಗ್ (1876–1923), ಯಾವೊ ಹುವಾ (1876–1930) ಮಸಿಡಬ್ಬಿಗಳಿಗೆಂದೇ ಚಿತ್ರ ಬರೆದುಕೊಟ್ಟರು. ಹೊಸಬರಿಗೆ ಈ ಹೆಸರುಗಳ ಗೊಡವೆ ಬೇಡ. ಯಾರೋ ಒಬ್ಬ ವಿದ್ಯಾರ್ಥಿ ಇನ್ನೊಬ್ಬನಿಗೆ ಕೊಟ್ಟ, ಇಬ್ಬರ ಹೆಸರೂ ಇರುವ ಸಾದಾ ಡಬ್ಬಿ ಕೊಳ್ಳಿ. ಅದನ್ನು ನಕಲು ಮಾಡಿ ಯಾರಿಗೂ ಲಾಭವಿಲ್ಲ.

5. ಮಸಿಕಲ್ಲು

ಕಲ್ಲುಗಳಲ್ಲಿ ನಾಲ್ಕು ಮನೆತನ ಪ್ರಸಿದ್ಧ. ಗುವಾಂಗ್‌ಡಾಂಗ್ ಪ್ರಾಂತದ ಝಾವೊಚಿಂಗ್ ಬಳಿಯ ದುವಾನ್ ಕಲ್ಲು ನೇರಳೆ ಮಿಶ್ರಿತ ಕಂದು. ಆನ್‌ಹುಯ್ ಮತ್ತು ಜಿಯಾಂಗ್‌ಶಿ ಗಡಿಯ ಶೆ ಕಲ್ಲು ಕಪ್ಪು, ಅದರಲ್ಲಿ ಬಂಗಾರದ ಚುಕ್ಕೆ ಅಥವಾ ಹುಬ್ಬಿನಂಥ ಗೆರೆಗಳು. ಗಾನ್ಸುವಿನ ತಾವೊ ನದಿಯ ಕಲ್ಲು ಹಸಿರು. ನಾಲ್ಕನೆಯದಾದ ಚೆಂಗ್‌ನಿ ಕಲ್ಲೇ ಅಲ್ಲ, ನದಿಯ ನುಣ್ಣನೆ ಕೆಸರನ್ನು ಸೋಸಿ ಸುಟ್ಟದ್ದು.

ಒಳ್ಳೆಯ ಕಲ್ಲಿಗೆ ಎರಡು ಗುಣ ಒಟ್ಟಿಗಿರಬೇಕು: ಮಸಿಯನ್ನು ಬೇಗ ತೇಯಬೇಕು, ಕುಂಚದ ಕೂದಲನ್ನು ಸವೆಸಬಾರದು. ಬೆರಳಿಗೆ ಮಗುವಿನ ಕೆನ್ನೆಯಷ್ಟು ನಯ ಅನ್ನಿಸಿದರೂ ಕಡ್ಡಿ ಇಟ್ಟರೆ ಹಿಡಿಯುತ್ತದೆ. ಬಾಯಿಯಿಂದ ಹಾ ಎಂದು ಉಸಿರು ಬಿಟ್ಟರೆ ಮೇಲ್ಮೈ ಮೇಲೆ ತೇವ ಕೂತು ಸ್ವಲ್ಪ ಹೊತ್ತು ನಿಲ್ಲುತ್ತದೆ. ನೀರು ಹೀರುವ ಕಲ್ಲಿನಲ್ಲಿ ಕೂಡಲೇ ಮಾಯ. ಕಲ್ಲನ್ನು ಐದು ಬೆರಳ ತುದಿಯ ಮೇಲೆ ಎತ್ತಿ ಹಿಡಿದು ಇನ್ನೊಂದು ಕೈಯಿಂದ ತಟ್ಟಿದರೆ ದುವಾನ್ ಮರ ತಟ್ಟಿದಂತೆ ಮಂದವಾಗಿ, ಶೆ ಲೋಹದಂತೆ ಖಣಿಲ್ಲೆಂದು ಸದ್ದು ಮಾಡುತ್ತದೆ ಎಂಬುದು ಹಳಬರ ಮಾತು. ಸದ್ದು ಒಡಕಾಗಿದ್ದರೆ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ; ಈ ಪರೀಕ್ಷೆಯ ನಿಜವಾದ ಪ್ರಯೋಜನ ಇದೇ.

ದುವಾನ್ ಕಲ್ಲಿನಲ್ಲಿ 'ಕಣ್ಣು' ಎಂದು ಕರೆಯುವ ಹಸಿರು ಹಳದಿ ಉಂಗುರಗಳಿರುತ್ತವೆ. ನಡುವೆ ಪಾಪೆಯಿದ್ದು ಸ್ಪಷ್ಟವಾಗಿದ್ದರೆ ಜೀವಂತ ಕಣ್ಣು, ಅಂಚು ಕದಡಿದ್ದರೆ ಅಳುವ ಕಣ್ಣು, ಪಾಪೆಯೇ ಇಲ್ಲದಿದ್ದರೆ ಸತ್ತ ಕಣ್ಣು. ಕಣ್ಣಿನಿಂದ ಬೆಲೆ ಏರುವುದರಿಂದ ಬೇರೆ ಕಲ್ಲಿನ ತುಂಡು ಕೊರೆದು ಕೂರಿಸುವ ಕಸುಬೂ ಹುಟ್ಟಿಕೊಂಡಿದೆ. ಮಸೂರದಲ್ಲಿ ಕಣ್ಣಿನ ಸುತ್ತ ನೋಡಿ. ಸಹಜವಾದದ್ದು ಕಲ್ಲಿನೊಳಗೆ ಕರಗುತ್ತ ಹೋಗುತ್ತದೆ, ಕೂರಿಸಿದ್ದಕ್ಕೆ ಅಂಟಿನ ತೆಳು ಗೆರೆ ಇರುತ್ತದೆ.

ಆಕಾರದಿಂದ ಕಾಲ ಊಹಿಸಬಹುದು, ಸ್ವಲ್ಪ ಮಟ್ಟಿಗೆ. ತಾಂಗ್ ಕಾಲದ ಕಲ್ಲು (618–907) ಮೊರದ ಆಕಾರದ್ದು, ಚೀನೀಯರೂ ಅದನ್ನು ಮೊರದ ಕಲ್ಲೆಂದೇ ಕರೆಯುತ್ತಾರೆ. ಒಂದು ತುದಿ ನೆಲ ಮುಟ್ಟುತ್ತದೆ, ಇನ್ನೊಂದಕ್ಕೆ ಎರಡು ಕಾಲು. ಸೋಂಗ್ ಕಾಲದ್ದು (960–1279) ಉದ್ದ ಚೌಕ, ಅಡಿಯನ್ನು ಕೈ ತೂರಿಸಿ ಎತ್ತುವಂತೆ ಟೊಳ್ಳಾಗಿ ಕಡೆದದ್ದು, ಅಲಂಕಾರ ಇಲ್ಲವೆನ್ನುವಷ್ಟು ಕಡಿಮೆ. ಕೆತ್ತನೆಯ ಅಬ್ಬರ ಜಾಸ್ತಿಯಾದದ್ದು ಚಿಂಗ್ ಕಾಲದಲ್ಲಿ (1644–1912). ಆದರೆ ಹಳೇ ಆಕಾರಗಳನ್ನು ಮುಂದಿನವರು ಪ್ರೀತಿಯಿಂದಲೋ ಮೋಸಕ್ಕೋ ಮಾಡುತ್ತಲೇ ಬಂದಿದ್ದಾರೆ.

ಆದ್ದರಿಂದ ಸವೆತ ನೋಡಿ. ತೇಯುವ ಜಾಗದ ನಡು ತುಸು ತಗ್ಗಿರಬೇಕು. ನೇರ ಅಂಚಿನ ಸ್ಕೇಲು ಅಡ್ಡ ಇಟ್ಟರೆ ಅಡಿಯಿಂದ ಬೆಳಕು ಕಾಣುತ್ತದೆ. ಮಸಿ ಗುಂಡಿಯ ಮೂಲೆಯಲ್ಲಿ, ಕೆತ್ತನೆಯ ಸಂದಿಯಲ್ಲಿ ಪದರ ಪದರ ಕೂತ ಮಸಿ ಉಗುರಿಗೆ ಬರುವುದಿಲ್ಲ. ಹಿಡಿಯುವ ಅಂಚು ಕೈ ಹೊಳಪಿನಿಂದ ಮೊಂಡಾಗಿರುತ್ತದೆ. ನಕಲಿಯಲ್ಲಿ ಇದು ತಲೆಕೆಳಗು: ಮಸಿ ಬಳಿದದ್ದು ಎಲ್ಲ ಕಡೆ ಸಮನಾಗಿರುತ್ತದೆ, ಬಳಕೆಯೇ ಇಲ್ಲದ ತಳದಲ್ಲೂ ಇರುತ್ತದೆ. ಮೂಲೆಯಲ್ಲಿ ಒದ್ದೆ ಹತ್ತಿ ಉಜ್ಜಿದರೆ ಕಪ್ಪು ಸಲೀಸಾಗಿ ಬಂದುಬಿಟ್ಟರೆ ಅನುಮಾನಿಸಿ. ಮಾರುವವನ ಒಪ್ಪಿಗೆಯಿಲ್ಲದೆ ಮಾತ್ರ ಉಜ್ಜಬೇಡಿ.

ಅಸಲಿ ಹಳೇ ಕಲ್ಲಿನ ಮೇಲೆ ಹೊಸದಾಗಿ ಕೆತ್ತಿದ ಪ್ರಖ್ಯಾತರ ಬರಹ, ಹಳೇ ಮರದ ಪೆಟ್ಟಿಗೆಯೊಳಗೆ ಹೊಸ ಕಲ್ಲು, ಈ ಎರಡು ಜೋಡಣೆಗಳು ಪಳಗಿದವರನ್ನೂ ಬೀಳಿಸುತ್ತವೆ. ಅಕ್ಷರದ ಗೆರೆಯ ಒಳಮೈ ಸುತ್ತಲಿನ ಮೈಗಿಂತ ಬಿಳಿಚಿದ್ದರೆ ಅದು ಈಚಿನದು. ಪೆಟ್ಟಿಗೆಯ ಒಳಗೋಡೆಯಲ್ಲಿ ಬಿದ್ದ ಸವೆತ ಕಲ್ಲಿನ ಅಂಚಿಗೆ ಹೊಂದಬೇಕು. 18ನೇ ಶತಮಾನದ ಆದಿಯಲ್ಲಿ ಸೂಚೌ ನಗರದಲ್ಲಿ ಗು ಅರ್‌ನ್ಯಾಂಗ್ ಎಂಬ ಮಹಿಳೆ ಮಸಿಕಲ್ಲಿನ ಕೆತ್ತನೆಯಲ್ಲಿ ಎಲ್ಲರನ್ನೂ ಮೀರಿಸಿದ್ದಳು. ಆಕೆಯ ಹೆಸರು ಹೊತ್ತ ಕಲ್ಲುಗಳಲ್ಲಿ ಆಕೆಯ ಕೈಯದೆಂದು ಖಚಿತವಾಗಿ ಹೇಳಬಹುದಾದವು ತೀರಾ ಕಡಿಮೆ. ಚ್ಯೆನ್‌ಲುಂಗ್ ಅರಸನ ಕವಿತೆ ಕೆತ್ತಿದ ಕಲ್ಲು ನಿಮಗೆ ಊಟದ ಬಿಲ್ಲಿನ ದರಕ್ಕೆ ಸಿಕ್ಕರೆ ನಕ್ಕು ಮುಂದೆ ಹೋಗಿ.

ಈ ಕಲ್ಲಿನ ಹುಚ್ಚು ಹೊಸದೇನಲ್ಲ. ಸೋಂಗ್ ಕಾಲದ ಕಲಾವಿದ ಮಿ ಫು (1051–1107) ಮಸಿಕಲ್ಲುಗಳ ಬಗ್ಗೆ ಪುಸ್ತಕವನ್ನೇ ಬರೆದ. ಅರಸನ ಮುಂದೆ ಬರೆದು ಮುಗಿಸಿ, ನಾನು ಮುಟ್ಟಿದ ಕಲ್ಲು ಇನ್ನು ತಮಗೆ ತಕ್ಕದ್ದಲ್ಲ ಎಂದು ಕೇಳಿ ಪಡೆದು, ಹಸಿ ಮಸಿ ಅಂಗಿಗೆ ಸುರಿಯುತ್ತಿದ್ದರೂ ಎದೆಗವಚಿಕೊಂಡು ಓಡಿದ ಎಂಬ ಕಥೆ ಅವನ ಮೇಲಿದೆ.

ನನ್ನ ರುಚಿ ಹೇಳುವುದಾದರೆ, ಮೈತುಂಬ ಡ್ರ್ಯಾಗನ್ ತುಂಬಿಕೊಂಡ ದೊಡ್ಡ ಕಲ್ಲುಗಳನ್ನು ನಾನು ತಿರುಗಿಯೂ ನೋಡುವುದಿಲ್ಲ. ತೇಯಲು ಜಾಗವೇ ಇಲ್ಲದ ಮಸಿಕಲ್ಲು ಪ್ರವಾಸಿಗರಿಗೆ ಮಾಡಿದ್ದು.

6. ಉಳಿದವು, ಚುಟುಕಾಗಿ

ಕುಂಚದಾನಿ: ಬಿದಿರಿನದರಲ್ಲಿ ಶಾಂಘೈಗೆ ಸೇರಿದ ಜಿಯಾದಿಂಗ್‌ನ ಝು ಮನೆತನದ ಆಳ ಕೆತ್ತನೆ ಹೆಸರುವಾಸಿ. ಕೊಳ್ಳುವಾಗ ಕಡೆಗಣಿಸುವ ಜಾಗ ಒಳಗಿನ ತಳ. ರೆಸಿನ್ ಎರಕದ ನಕಲಿಯಲ್ಲಿ ಗುಳ್ಳೆ, ಜೋಡಣೆಯ ಗೆರೆ ಸಿಗುತ್ತವೆ. ಬಿದಿರಿನಲ್ಲಿ ನಾರಿನ ಚುಕ್ಕೆಗಳು ಅಡ್ಡಕೊಯ್ತದಲ್ಲಿ ಕಾಣಲೇಬೇಕು. ಮರದಲ್ಲಿ ಅತಿ ಬೆಲೆಯ 'ಝಿತಾನ್' ಎಂದರೆ ಸಾಮಾನ್ಯವಾಗಿ ನಮ್ಮ ರಕ್ತಚಂದನವೇ. ಆಂಧ್ರದ ಶೇಷಾಚಲ, ನಲ್ಲಮಲ ಬೆಟ್ಟಗಳ ಮರ ಸಮುದ್ರ ದಾಟಿ ಬೀಜಿಂಗಿನ ಅರಮನೆಯ ಮೇಜು ಸೇರಿತು. ಬಣ್ಣ ಬಳಿದ ಬೇರೆ ಮರಗಳನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಅಸಲಿ ಕೈಗೆ ಭಾರ.

ಪಿಂಗಾಣಿ: ತಳದ ಉಂಗುರದಲ್ಲಿ ಮೆರುಗಿಲ್ಲದ ಮಣ್ಣು ಕಾಣುವ ಜಾಗವನ್ನು ಬೆರಳಿನಿಂದ ಸವರಿ. ಬಳಸಿ ಹಳೆಯದಾದದ್ದು ನುಣುಪು, ಅದರ ಗೀರುಗಳು ದಿಕ್ಕುದೆಸೆಯಿಲ್ಲದವು. ಉಪ್ಪುಕಾಗದದ ಗೀರು ಒಂದೇ ದಿಕ್ಕಿಗೆ ಓಡುತ್ತವೆ.

ಮೊಹರು: ಫುಜೌ ಬಳಿಯ ಶೌಶಾನ್, ಝೆಜಿಯಾಂಗ್‌ನ ಚಿಂಗ್‌ತ್ಯೆನ್ ಕಲ್ಲುಗಳು ಮುಖ್ಯ. ಮೆದು ಕಲ್ಲಾದ್ದರಿಂದ ಅಕ್ಷರವನ್ನು ಉಜ್ಜಿ ಮತ್ತೆ ಕೆತ್ತುವುದು ಸುಲಭ. ಅಗಲಕ್ಕೆ ತಕ್ಕ ಎತ್ತರ ಇಲ್ಲದೆ ಕುಳ್ಳಾಗಿ ಕಂಡರೆ ಒಮ್ಮೆಯಾದರೂ ಉಜ್ಜಿರುವ ಸಾಧ್ಯತೆ ಹೆಚ್ಚು. ಮೊಹರಿನ ಕೆಂಪು ಮುಲಾಮಿನಲ್ಲಿರುವುದು ಇಂಗಳೀಕ, ಅಂದರೆ ಪಾದರಸದ ಸಲ್ಫೈಡ್. ಕಾಯಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದರೆ ಸೋಪಿನಲ್ಲಿ ಕೈ ತೊಳೆಯಿರಿ.

ಮಸಿಕಡ್ಡಿ: ಪೈನ್ ಮರದ ಅಥವಾ ಎಣ್ಣೆಯ ಕಾಡಿಗೆಗೆ ಪ್ರಾಣಿಜನ್ಯ ಅಂಟು ಸೇರಿಸಿ ಕುಟ್ಟಿ ಅಚ್ಚಿಗೆ ಒತ್ತಿದ್ದು. ಆನ್‌ಹುಯ್‌ನ ಹುಯ್‌ಚೌ ಇದರ ತವರು. ಹು ಕಾಯ್‌ವೆನ್ ಎಂಬ ಹೆಸರು 18ನೇ ಶತಮಾನದಿಂದ ಇವತ್ತಿನವರೆಗೂ ಚಾಲ್ತಿಯಲ್ಲಿರುವುದರಿಂದ ಆ ಹೆಸರೊಂದೇ ಕಾಲ ಹೇಳುವುದಿಲ್ಲ.

7. ಮುದ್ರೆ, ದಿನಾಂಕ ಓದುವುದು

ಪಿಂಗಾಣಿಯ ತಳದ ಆರು ಅಕ್ಷರಗಳನ್ನು ಗುರುತಿಸುವುದು ಒಂದು ಸಂಜೆಯ ಕೆಲಸ: ಮೊದಲೆರಡು ವಂಶ, ನಡುವಿನೆರಡು ಅರಸ, ಕೊನೆಯೆರಡು 'ಕಾಲದಲ್ಲಿ ಮಾಡಿದ್ದು'. ಕಾಂಗ್‌ಶಿ (1662–1722), ಯುಂಗ್‌ಜೆಂಗ್ (1723–1735), ಚ್ಯೆನ್‌ಲುಂಗ್ (1736–1795), ಗುವಾಂಗ್‌ಶು (1875–1908) ಇಷ್ಟು ಮೊದಲು ಸಾಕು. ಹಿಂದಿನ ಅರಸನ ಮೇಲಿನ ಗೌರವಕ್ಕೆ ಅವನ ಮುದ್ರೆ ಹಾಕುವ ರೂಢಿ ಚೀನಾದಲ್ಲೇ ಇತ್ತು. ಗುವಾಂಗ್‌ಶು ಕಾಲದ ಬಟ್ಟಲಿಗೆ ಕಾಂಗ್‌ಶಿ ಮುದ್ರೆ ಇದ್ದರೆ ಅದು ಮೋಸವೇ ಆಗಬೇಕಿಲ್ಲ, ಕಾಂಗ್‌ಶಿಯ ಬೆಲೆಯಂತೂ ಅಲ್ಲ.

ಮಸಿಡಬ್ಬಿ ಮತ್ತು ಮೊಹರುಗಳಲ್ಲಿ ಇಸವಿಯ ಬದಲು ಅರವತ್ತು ವರ್ಷದ ಚಕ್ರದ ಹೆಸರಿರುತ್ತದೆ, ನಮ್ಮ ಪ್ರಭವ ವಿಭವಗಳ ಹಾಗೆಯೇ. 'ಜಿಯಾಝಿ' ವರ್ಷ ಎಂದಿದ್ದರೆ 1864, 1924, 1984 ಮೂರೂ ಆಗಬಹುದು. ಶಾಸನದ ಸಂವತ್ಸರವನ್ನು ಅರಸನ ಹೆಸರಿನಿಂದ ಬಿಡಿಸುವಂತೆ ಇಲ್ಲಿ ಲೋಹ, ಕೆತ್ತನೆ, ಸವೆತಗಳಿಂದ ಬಿಡಿಸಬೇಕು.

ತಳದಲ್ಲಿ ಇಂಗ್ಲಿಷಿನಲ್ಲಿ 'ಚೈನಾ' ಎಂದು ಒತ್ತಿದ್ದರೆ ಅದು ರಫ್ತಿನ ಮಾಲು. ಅಮೆರಿಕದ 1890ರ ಸುಂಕ ಕಾಯ್ದೆಯ ಪ್ರಕಾರ 1891ರಿಂದ ಮೂಲ ದೇಶದ ಹೆಸರು ಕಡ್ಡಾಯವಾಯಿತು. 1950ರಿಂದ 1971ರವರೆಗೆ ಚೀನಾದ ಮಾಲಿಗೆ ಅಮೆರಿಕ ಬಾಗಿಲು ಮುಚ್ಚಿತ್ತು. ಹಾಗಾಗಿ ಅಮೆರಿಕದ ಮನೆಗಳಿಂದ ಹೊರಬರುವ ಇಂಥ ಹಿತ್ತಾಳೆ, ಎನಾಮಲ್ ದೌತಿಗಳು 1891 ಮತ್ತು 1950ರ ನಡುವಿನವು ಎಂಬ ಊಹೆ ಬಹಳ ಸಲ ಸರಿಹೋಗುತ್ತದೆ.

8. ಕಾನೂನು

ದಂತದ ಕೈಯಾಸರೆ, ದಂತದ ಮೊಹರು, ಘೇಂಡಾಮೃಗದ ಕೊಂಬಿನ ಬಟ್ಟಲು, ಕಡಲಾಮೆಯ ಚಿಪ್ಪಿನ ಕೆಲಸ: ಎಷ್ಟೇ ಹಳೆಯದಾಗಿರಲಿ, ಭಾರತಕ್ಕೆ ತರಿಸುವ ಯೋಚನೆಯನ್ನೇ ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ, ಆಮದು ದಂತಕ್ಕೂ ವಿನಾಯಿತಿ ಇಲ್ಲ.

ಚೀನಾದಿಂದ 1911ಕ್ಕೆ ಮುಂಚಿನ ಸಾಂಸ್ಕೃತಿಕ ವಸ್ತುಗಳನ್ನು ಹೊರಗೆ ಒಯ್ಯುವಂತಿಲ್ಲ. ಬೀಜಿಂಗಿನ ಪಾಂಜಿಯಾಯುವಾನ್ ಸಂತೆಯಲ್ಲಿ ಅಸಲಿ ಹಳೇ ಕಲ್ಲು ಸಿಕ್ಕಿತೆಂದುಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಅದನ್ನು ಬಿಟ್ಟು ಬರಬೇಕಾದೀತು. ಆದ್ದರಿಂದ ಬಹಳ ಹಿಂದೆಯೇ ಹೊರಬಂದ, ಕಾಗದ ಪತ್ರವಿರುವ ವಸ್ತುಗಳನ್ನೇ ನೋಡಿ. ಕೆಲವುದರ ತಳದಲ್ಲಿ ಕೆಂಪು ಅರಗಿನ ಪುಟ್ಟ ಸರಕಾರಿ ಮುದ್ರೆ ಇರುತ್ತದೆ. ರಫ್ತಿಗೆ ಅನುಮತಿ ಸಿಕ್ಕಿತ್ತು ಎಂಬುದಕ್ಕೆ ಅದು ಗುರುತು, ವಸ್ತುವಿನ ವಯಸ್ಸಿಗೆ ಅಲ್ಲ. ಅರಗನ್ನೂ ನಕಲು ಮಾಡುತ್ತಾರೆ.

ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ್ದನ್ನು ಪುರಾತನವೆಂದು ಎಣಿಸುತ್ತದೆ, ಖಾಸಗಿಯಾಗಿ ರಫ್ತು ಮಾಡಲು ಬಿಡುವುದಿಲ್ಲ. ಹೊರದೇಶದಿಂದ ಮರಳುವ ಕನ್ನಡಿಗರು ಸಂಗ್ರಹ ತರುವಾಗ ಖರೀದಿ ರಸೀದಿ ಮತ್ತು ಆಮದಿನ ದಾಖಲೆ ಜೋಪಾನ ಮಾಡಬೇಕು. ಮತ್ತೆ ಹೊರಗೆ ಒಯ್ಯುವ ಸಂದರ್ಭ ಬಂದರೆ ಪ್ರಶ್ನೆ ಏಳುತ್ತದೆ. ಕಸ್ಟಮ್ಸ್‌ನ ಸುಂಕಪಟ್ಟಿಯಲ್ಲಿ ನೂರು ವರ್ಷ ದಾಟಿದ ವಸ್ತುಗಳ ಶೀರ್ಷಿಕೆ ಸಂಖ್ಯೆ 9706. ತರಿಸುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ ಆಗಿನ ಸುಂಕ ಕೇಳಿಕೊಳ್ಳಿ. ರಕ್ತಚಂದನದ ವಸ್ತುವಿದ್ದರೆ ಅಂತರರಾಷ್ಟ್ರೀಯ ಪರವಾನಗಿಯ ತಲೆನೋವು ಬೇರೆ.

9. ಕೊಳ್ಳುವುದು

ಲಂಡನ್, ನ್ಯೂಜೆರ್ಸಿ, ಬೇ ಏರಿಯಾ ಕಡೆ ಇರುವವರಿಗೆ ಸಣ್ಣಪುಟ್ಟ ಊರುಗಳ ಹರಾಜು ಮನೆಗಳೇ ಒಳ್ಳೆಯ ಜಾಗ. ಚೀನಾದಲ್ಲಿ ಕೆಲಸ ಮಾಡಿದ ಪಾದ್ರಿಗಳು, ವ್ಯಾಪಾರಿಗಳು, ಅಧಿಕಾರಿಗಳ ಮನೆಯ ಸಾಮಾನು ಅಲ್ಲಿ ಬರುತ್ತದೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಸುಮಾರು ಕಾಲು ಭಾಗದಷ್ಟು ಪ್ರೀಮಿಯಂ (ಹರಾಜು ಮನೆಯ ಶುಲ್ಕ), ಮೇಲೆ ತೆರಿಗೆ, ಸಾಗಣೆ ಸೇರುತ್ತದೆಂದು ಲೆಕ್ಕ ಹಾಕಿಯೇ ಕೂಗಿ. ಭಾರತದಲ್ಲಿ, ಚೀನಾದ ಕ್ಯಾಂಟನ್ ಬಂದರಿನ ವ್ಯಾಪಾರಕ್ಕೆ ಇಳಿದಿದ್ದ ಪಾರ್ಸಿ ಮನೆತನಗಳ ಊರು ಮುಂಬೈ. ಅಲ್ಲಿನ ಚೋರ್ ಬಜಾರ್ ನೋಡಬಹುದು. ಅಲ್ಲಿ ಸಿಗುವುದು ಹೆಚ್ಚಾಗಿ ರಫ್ತಿನ ಮಾಲು, ಅದರ ನಡುವೆ ಹೊಚ್ಚ ಹೊಸದೂ ಧಾರಾಳ. 'ನಮ್ಮಜ್ಜ ಶಾಂಘೈಯಿಂದ ತಂದದ್ದು ಸಾರ್' ಎಂಬ ಮಾತಿಗೆ ಪ್ರತ್ಯೇಕ ದುಡ್ಡು ಕೊಡಬೇಡಿ.

ಆನ್‌ಲೈನಿನಲ್ಲಿ ಮಾರುವವನ ಹತ್ತಿರ ಕೇಳಬೇಕಾದ ಚಿತ್ರಗಳು: ತಳ ಪೂರ್ತಿ, ಒಳಗು, ಓರೆ ಬೆಳಕಿನಲ್ಲಿ ಕೆತ್ತನೆಯ ಹತ್ತಿರದ ನೋಟ, ಪಕ್ಕಕ್ಕೆ ಸ್ಕೇಲು ಇಟ್ಟದ್ದು, ತಕ್ಕಡಿಯ ಮೇಲಿಟ್ಟದ್ದು. ಜೊತೆಗೆ ಮೂರು ಪ್ರಶ್ನೆ: ಎಲ್ಲಿಂದ ಬಂತು, ಎಲ್ಲಾದರೂ ರಿಪೇರಿಯಾಗಿದೆಯೇ, ಒಪ್ಪದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ. ಕೊನೆಯದಕ್ಕೆ ಉತ್ತರ ಸುತ್ತಿ ಬಳಸಿ ಬಂದರೆ ಮಾತುಕತೆ ಅಲ್ಲಿಗೆ ಸಾಕು. ಫೋನಿನ ಅನುವಾದದ ಕ್ಯಾಮೆರಾ ಸಾದಾ ಅಕ್ಷರಗಳನ್ನು ತಕ್ಕಮಟ್ಟಿಗೆ ಓದುತ್ತದೆ, ಮೊಹರಿನ ಹಳೇ ಲಿಪಿಯಲ್ಲಿ ಮುಗ್ಗರಿಸುತ್ತದೆ. ಆಗ ಚೀನೀ ಬಲ್ಲವರನ್ನೇ ಹಿಡಿಯಬೇಕು.

10. ಮನೆಗೆ ತಂದ ಮೇಲೆ

ಮೊದಲ ಕೆಲಸ, ಮನೆಯಲ್ಲಿ ಯಾರೂ ಅದನ್ನು ಹುಣಸೆಹಣ್ಣು ಅಥವಾ ಪೀತಾಂಬರಿ ಪುಡಿಯಿಂದ ತಿಕ್ಕದಂತೆ ನೋಡಿಕೊಳ್ಳುವುದು. ದೀಪದ ಕಂಬಕ್ಕೆ ಸರಿ, ಮಸಿಡಬ್ಬಿಗೆ ಅದು ಘಾತ. ಕೂದಲೆಳೆಯ ಕೆತ್ತನೆ ಒಂದೇ ತಿಕ್ಕಿಗೆ ಮಸುಕಾಗುತ್ತದೆ, ಅಕ್ಷರದೊಳಗಿನ ಕಪ್ಪು ಹೋಗುತ್ತದೆ, ಅದರ ಜೊತೆ ಅರ್ಧ ಬೆಲೆಯೂ. ಮೆತ್ತನೆ ಒಣಬಟ್ಟೆಯಲ್ಲಿ ಒರಸಿದರೆ ಸಾಕು. ಪುಡಿಪುಡಿಯಾಗಿ ಉದುರುವ ಹಸಿರು ಕಿಲುಬಿದ್ದರೆ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ ಒಣ ಜಾಗದಲ್ಲಿಡಿ.

ಮಸಿಕಲ್ಲನ್ನು ಬಳಸಿದ ದಿನವೇ ತಣ್ಣೀರಿನಲ್ಲಿ, ಒಣ ಹೀರೇಕಾಯಿಯ ನಾರಿನಿಂದ ತೊಳೆಯಿರಿ. ಬಿಸಿನೀರು, ಸೋಪು, ಸ್ಕಾಚ್‌ಬ್ರೈಟ್ ಬೇಡ. ಹಳೇ ಮಸಿಯ ಪದರವನ್ನು ಮುಟ್ಟಬೇಡಿ, ನೀವು ದುಡ್ಡು ಕೊಟ್ಟದ್ದೇ ಅದಕ್ಕೆ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಸಿಕಡ್ಡಿಯ ಅಂಟಿಗೆ ಬೂಷ್ಟು ಹಿಡಿಯುತ್ತದೆ, ಬಿದಿರಿಗೆ ಹುಳು ಬೀಳುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಇಟ್ಟು, ನೀಲಿ ಹರಳು ಬಣ್ಣ ಬದಲಿಸಿದಾಗ ಬದಲಾಯಿಸಿ. ಆದರೆ ಬಿದಿರು, ಮರಗಳಿಗೆ ಜೆಲ್ ಹೆಚ್ಚಾದರೂ ಅಪಾಯ, ಒಣಗಿ ಸೀಳುತ್ತವೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಇದೇ ಸಮಸ್ಯೆ ಜೆಲ್ ಇಲ್ಲದೆಯೂ ಬರುತ್ತದೆ. ಅವನ್ನು ಬಟ್ಟೆಯಲ್ಲಿ ಸುತ್ತಿ, ಕಿಟಕಿ ಮತ್ತು ಎಸಿಯ ನೇರ ಗಾಳಿಯಿಂದ ದೂರ, ಮರದ ಕಪಾಟಿನಲ್ಲಿಡಿ. ಬಿದಿರಿನ ಅಡಿಯಲ್ಲಿ ಹೊಸ ಹುಡಿ ಕಂಡರೆ ಆ ವಸ್ತುವನ್ನು ಆ ಕ್ಷಣವೇ ಉಳಿದವುಗಳಿಂದ ಬೇರೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಲ್ಲವರಿಗೆ ತೋರಿಸಿ. ಸೀಮೆಎಣ್ಣೆ ಬಳಿಯುವ ಮನೆವೈದ್ಯ ಬೇಡ.

11. ದಾಖಲೆ

ಒಂದೊಂದು ವಸ್ತುವಿಗೂ ಒಂದೊಂದು ಪುಟ. ಕೊಂಡ ದಿನ, ಜಾಗ, ಕೊಟ್ಟ ಬೆಲೆ, ಅಳತೆ, ತೂಕ, ಬರಹವಿದ್ದರೆ ಅದರ ಚಿತ್ರ ಮತ್ತು ಅನುವಾದ, ಮಾರಿದವನು ಹೇಳಿದ ಕಥೆ. ಕಥೆಯ ಪಕ್ಕದಲ್ಲಿ 'ಮಾರಿದವನ ಮಾತು' ಎಂದು ಬರೆದಿಡಿ, ಹತ್ತು ವರ್ಷ ಕಳೆದರೆ ಅದು ನಿಮಗೇ ಸತ್ಯವಾಗಿ ಕಾಣತೊಡಗುತ್ತದೆ. ವಸ್ತುವಿನ ಮೇಲೆ ಪೆನ್ನಿನಲ್ಲಿ ನಂಬರು ಹಾಕಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ದಾರದಲ್ಲಿ ಕಟ್ಟಿದ ಕಾಗದದ ಚೀಟಿ ಸಾಕು. ಪುಟಗಳ ಒಂದು ಪ್ರತಿ ಮನೆಯವರ ಕೈಯಲ್ಲೂ ಇರಲಿ. ಯಾವುದು ರಫ್ತಿನ ದೌತಿ, ಯಾವುದು ದುವಾನ್ ಕಲ್ಲು ಎಂದು ಗೊತ್ತಿಲ್ಲದ ಕೈಗೆ ಸಿಕ್ಕಾಗ ಎರಡೂ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ.